ಸೀ ಆಟರ್ ಮೇಳದ ಡೌನ್‌ಹಿಲ್ ಸೈಕಲ್‌ಗಳು: ಬ್ರೇಕಿಗೆ ಪೂರ್ಣ ಅಂಕ, ಐಡ್ಲರ್‌ಗೆ ಷರತ್ತು

ಮಳಿಗೆಯ ಮುಂದೆ ಡಾಂಬರಿನ ಮೇಲೆ ನಿಂತ ಡೌನ್‌ಹಿಲ್ ಸೈಕಲ್ ಹತ್ತಿ ನಾಲ್ಕು ಸಲ ಒತ್ತಿ ನೋಡಿದರೆ ತಿಳಿಯುವುದು ಬಹಳ ಕಡಿಮೆ. ಹಾಗೆ ಒತ್ತುವಾಗ ಶಾಕ್ ನಿಧಾನವಾಗಿ ಕುಗ್ಗುತ್ತದೆ. ಇಳಿಜಾರಿನಲ್ಲಿ ಗಾಲಿ ಕಲ್ಲಿಗೆ ಬಡಿದಾಗಿನ ವೇಗವೇ ಬೇರೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಬಳಿ, ಲಗೂನಾ ಸೆಕಾ ರೇಸ್‌ಟ್ರ್ಯಾಕ್‌ನಲ್ಲಿ ನಡೆಯುವ ಸೀ ಆಟರ್ ಕ್ಲಾಸಿಕ್ 1991ರಲ್ಲಿ ಶುರುವಾದ ಮೇಳ. ಅಲ್ಲೇ ಡೌನ್‌ಹಿಲ್ ರೇಸೂ ಇದೆ. ಆದರೆ ಆ ದಾರಿ ಅಷ್ಟು ಕಡಿದಾದದ್ದಲ್ಲ, ಪೆಡಲ್ ತುಳಿಯುವ ಜಾಗವೇ ಜಾಸ್ತಿ. 200 ಮಿ.ಮೀ. ಸಸ್ಪೆನ್ಷನ್‌ನ ಫ್ರೇಮಿನ ಯೋಗ್ಯತೆ ಅಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ಇಂಥ ಮೇಳಗಳಲ್ಲಿ ಕಾಣುವ ಈಗಿನ ತಲೆಮಾರಿನ ಸಾಮಾನನ್ನು ಒಂದು ಸೀಸನ್ ಮಣ್ಣು, ನೀರು ಕಂಡ ಮೇಲೆ ಹೇಗಿದ್ದೀತು ಎಂಬ ದೃಷ್ಟಿಯಿಂದಲೇ ಅಳೆಯಬೇಕು.

ಆ ಅಳತೆಯಲ್ಲಿ ಎಲ್ಲಕ್ಕಿಂತ ಮುಂದಿರುವುದು ಬ್ರೇಕ್. 2024ರಲ್ಲಿ ಬಂದ ಸ್ರ್ಯಾಮ್ ಕಂಪನಿಯ ಮೇವನ್ ಬ್ರೇಕ್‌ನ ಕ್ಯಾಲಿಪರ್‌ನಲ್ಲಿ, ಅಂದರೆ ಡಿಸ್ಕ್ ಹಿಡಿಯುವ ಭಾಗದಲ್ಲಿ, 18 ಮತ್ತು 19.5 ಮಿ.ಮೀ. ಪಿಸ್ಟನ್‌ಗಳಿವೆ. ಅದೇ ಕಂಪನಿಯ ಕೋಡ್ ಬ್ರೇಕ್‌ನಲ್ಲಿ ಇದ್ದದ್ದು 15 ಮತ್ತು 16. ವಿಸ್ತೀರ್ಣದ ಲೆಕ್ಕ ಹಾಕಿದರೆ ಸುಮಾರು ಶೇಕಡ 46 ಹೆಚ್ಚು. ಮುಂದೆ 220, ಹಿಂದೆ 200 ಮಿ.ಮೀ. ರೋಟರ್ (ಬ್ರೇಕ್ ಡಿಸ್ಕ್) ಹಾಕಿದರೆ ಉದ್ದನೆಯ ಇಳಿಜಾರಿನ ಕೊನೆಯಲ್ಲೂ ಲಿವರ್ ಹಿಡಿತ ಬಿಡುವುದಿಲ್ಲ. ತೂಕ ಜಾಸ್ತಿ, ಮೊದಲ ಎಳೆತ ಸ್ವಲ್ಪ ಬಿಗಿ. ಬೆರಳು ಸಣ್ಣಗಿರುವವರು ಲಿವರ್ ಎಳೆದು ನೋಡಿಯೇ ಕೊಳ್ಳಲಿ.

ಮೇವನ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಜೋಡಣೆಯವು. ಹೊಸ ಕ್ಯಾಲಿಪರ್‌ನ ನಾಲ್ಕು ಪಿಸ್ಟನ್‌ಗಳು ಸಮನಾಗಿ ಹೊರಬರದಿದ್ದರೆ ರೋಟರ್ ಒಂದೇ ಕಡೆ ಉಜ್ಜುತ್ತದೆ, ಲಿವರ್ ಒಮ್ಮೆ ಹತ್ತಿರ, ಒಮ್ಮೆ ದೂರ ಕಚ್ಚುತ್ತದೆ. ಗಾಲಿ, ಪ್ಯಾಡ್ ಎರಡನ್ನೂ ಬಿಚ್ಚಿ. ಮೂರು ಪಿಸ್ಟನ್ ಒತ್ತಿ ಹಿಡಿದು ನಾಲ್ಕನೆಯದನ್ನು ಲಿವರ್‌ನಿಂದ ಒಂದೆರಡು ಮಿ.ಮೀ. ಮಾತ್ರ ಹೊರತನ್ನಿ. ಅದರ ಅಂಚಿಗೆ ಮಿನರಲ್ ಆಯಿಲ್ ಸವರಿ ಪ್ಲಾಸ್ಟಿಕ್ ಟಯರ್ ಲಿವರ್‌ನಿಂದ ಒಳಗೆ ತಳ್ಳಿ. ನಾಲ್ಕಕ್ಕೂ ಹೀಗೆ ಮಾಡಿ, ಎಣ್ಣೆ ಪೂರ್ತಿ ಒರೆಸಿದ ಮೇಲೆಯೇ ಪ್ಯಾಡ್ ಕೂರಿಸಿ. ಪ್ಯಾಡ್ ಪಳಗಿಸಲು ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ 20 ಸಲ, ಹೆಚ್ಚಿನ ವೇಗದಿಂದ 10 ಸಲ ಇಳಿಸಬೇಕು; ಗಾಲಿ ಲಾಕ್ ಆಗಕೂಡದು. ಇನ್ನೊಂದು ಮುಖ್ಯ ಮಾತು: ಕೋಡ್‌ಗೆ ಬಳಸುವುದು ಡಾಟ್ ದ್ರವ, ಮೇವನ್‌ಗೆ ಮಿನರಲ್ ಆಯಿಲ್. ದ್ರವ ತುಂಬಿ ಗಾಳಿ ತೆಗೆಯುವ ಒಂದೇ ಬ್ಲೀಡ್ ಕಿಟ್ ಎರಡಕ್ಕೂ ಹಾಕಿದರೆ ಸೀಲ್‌ಗಳು ಹಾಳಾಗುತ್ತವೆ.

ಫೋರ್ಕ್‌ಗೆ ಬಂದರೆ, ರಾಕ್‌ಶಾಕ್ಸ್ ಬಾಕ್ಸರ್‌ನ ಕಾಲಿನ ಕೊಳವೆಯ ವ್ಯಾಸ 2010ರಲ್ಲಿ 32ರಿಂದ 35 ಮಿ.ಮೀ.ಗೆ ಏರಿತ್ತು, 2023ರಲ್ಲಿ 38 ಆಯಿತು. ಕೊಳವೆಯ ಗೋಡೆ ಅಷ್ಟೇ ದಪ್ಪವಿದ್ದರೆ ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಸುಮಾರು ಶೇಕಡ 28. ಫಾಕ್ಸ್ 40 ಮೊದಲಿನಿಂದಲೂ 40 ಮಿ.ಮೀ. ಕಾಲಿನದು. ಭಾರದ ಸವಾರರಿಗೆ ಈ ಬಿಗಿ ಬೇಕೇ ಬೇಕು. ಹಗುರ ಸವಾರರಿಗೆ ಹಳೆಯ 35ರ ಬಾಕ್ಸರ್ ಇದ್ದರೆ ಬದಲಿಸುವ ಅವಸರವಿಲ್ಲ. ಅತಿ ಬಿಗಿಯಾದ ಫೋರ್ಕ್ ಓರೆ ಕಲ್ಲುಗಳ ಮೇಲೆ ಗಾಲಿಯನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ, ಕೈ ಬೇಗ ಸೋಲುತ್ತದೆ. 38ರ ಬಾಕ್ಸರ್, ಫಾಕ್ಸ್ 40 ಎರಡರಲ್ಲೂ ಕೆಳಗಾಲಿನಲ್ಲಿ ಸೇರಿಕೊಂಡ ಗಾಳಿ ಬಿಡಲು ಗುಂಡಿಗಳಿವೆ. ಲಿಫ್ಟ್‌ನಲ್ಲಿ ಬೆಟ್ಟದ ತುದಿಗೆ ಹೋದಾಗ ಹೊರಗಿನ ಒತ್ತಡ ಇಳಿದಿರುತ್ತದೆ. ಅಲ್ಲಿ ಒಮ್ಮೆ ಒತ್ತಿದರೆ ಸಾಕು.

ಎರಡು ಕ್ರೌನಿನ (ಕಾಲುಗಳನ್ನು ಹಿಡಿಯುವ ಅಡ್ಡಪಟ್ಟಿ) ಫೋರ್ಕನ್ನು ಹಳೆಯ ಫ್ರೇಮಿಗೆ ಹಾಕುವವರು ನೋಡಬೇಕಾದ್ದು ಸ್ಟೀಯರರ್, ಅಂದರೆ ಫ್ರೇಮಿನೊಳಗೆ ಹೋಗುವ ನಡುಕೊಳವೆ. ಇದು ಕೆಳಗಿನವರೆಗೂ ನೇರ 1⅛ ಇಂಚು, ಹಾಗಾಗಿ ಹೆಡ್‌ಸೆಟ್‌ನ (ಆ ಕೊಳವೆ ತಿರುಗುವ ಬೇರಿಂಗ್ ಜೋಡಿ) ಕೆಳಭಾಗಕ್ಕೆ ತಕ್ಕ ಕ್ರೌನ್ ರೇಸ್ ಎಂಬ ಉಂಗುರ ಬೇಕು. ಹ್ಯಾಂಡಲ್ ಇಳಿಸಲೆಂದು ಕಾಲುಗಳನ್ನು ಕ್ರೌನಿನಿಂದ ಮೇಲಕ್ಕೆ ಎಳೆದವರು ಗಾಳಿ ಪೂರ್ತಿ ಬಿಟ್ಟು ಫೋರ್ಕನ್ನು ತಳದವರೆಗೆ ಒತ್ತಿ ನೋಡಲೇಬೇಕು. ಟಯರ್ ಕೆಳಗಿನ ಕ್ರೌನಿಗೆ ತಾಗಿದರೆ ದೊಡ್ಡ ಜಿಗಿತದಲ್ಲಿ ಮುಂದಿನ ಗಾಲಿ ನಿಂತೇಬಿಡುತ್ತದೆ.

ಫ್ರೇಮ್‌ಗಳಲ್ಲಿ ನಿಜವಾದ ಪ್ರಗತಿ ಅಳತೆಯ ಹೊಂದಾಣಿಕೆಯದು. ಸಾಂಟಾ ಕ್ರೂಜ್ ವಿ10ರ ಎಂಟನೆಯ ಆವೃತ್ತಿ ಒಳ್ಳೆಯ ಉದಾಹರಣೆ: ಮುಂದೆ 29, ಹಿಂದೆ 27.5 ಇಂಚಿನ ಗಾಲಿ, 208 ಮಿ.ಮೀ. ಟ್ರಾವೆಲ್, ಹೆಡ್‌ಸೆಟ್ ಕಪ್ ತಿರುಗಿಸಿ ರೀಚ್ ಅನ್ನು (ಪೆಡಲ್ ಅಕ್ಷದಿಂದ ಹೆಡ್‌ಸೆಟ್‌ವರೆಗಿನ ಅಡ್ಡ ದೂರ) 8 ಮಿ.ಮೀ. ಹಿಂದೆ ಮುಂದೆ ಮಾಡಬಹುದು, ಚೈನ್‌ಸ್ಟೇ (ಪೆಡಲ್ ಅಕ್ಷದಿಂದ ಹಿಂದಿನ ಗಾಲಿಯವರೆಗಿನ ಭಾಗ) ಉದ್ದವನ್ನೂ ಬದಲಿಸಬಹುದು. ರೀಚ್ ಹೆಚ್ಚಿಸಿ ಹಿಂಭಾಗ ಗಿಡ್ಡವೇ ಬಿಟ್ಟರೆ ಸವಾರನ ಭಾರ ಹಿಂದೆ ಉಳಿದು, ತಿರುವಿನಲ್ಲಿ ಮುಂದಿನ ಗಾಲಿ ಜಾರುತ್ತದೆ. ಆದ್ದರಿಂದ ಎರಡನ್ನೂ ಜೊತೆಗೇ ಯೋಚಿಸಬೇಕು. ಚೈನ್‌ಸ್ಟೇ ಉದ್ದವಾದರೆ ಮೂರು ಕಡೆ ಪರಿಣಾಮ: ಚೈನ್ ಉದ್ದ ಸಾಲದೆ ಹೋಗಬಹುದು, ಬ್ರೇಕ್ ಹೋಸ್ ಬಿಗಿಯಬಹುದು, ಶಾಕ್ ಮೇಲಿನ ಹತೋಟಿ ಏರಿ ಸ್ಪ್ರಿಂಗ್ ಕೊಂಚ ಮೆತ್ತಗೆ ಅನಿಸುತ್ತದೆ.

ಸ್ಯಾಗ್ ಅನ್ನು, ಅಂದರೆ ಸವಾರನ ಭಾರಕ್ಕೇ ಶಾಕ್ ಎಷ್ಟು ಕುಗ್ಗುತ್ತದೆ ಎಂಬುದನ್ನು, ಹಾಗಾಗಿ ಮತ್ತೆ ಅಳೆಯಿರಿ. 75 ಮಿ.ಮೀ. ಸ್ಟ್ರೋಕ್‌ನ ಶಾಕ್‌ಗೆ ಶೇಕಡ 30 ಅಂದರೆ 22.5 ಮಿ.ಮೀ. ಕಾಯಿಲ್ ಸ್ಪ್ರಿಂಗ್‌ನ ಪ್ರೀಲೋಡ್ (ಮೊದಲೇ ಬಿಗಿಯುವುದು) ಎರಡು ಸುತ್ತಿಗಿಂತ ಜಾಸ್ತಿ ಬೇಕಾಯಿತೆಂದರೆ ಸ್ಪ್ರಿಂಗ್ ಬದಲಿಸುವ ಹೊತ್ತು ಬಂತು.

ಇನ್ನು ಹೈ ಪಿವೋಟ್, ಅಂದರೆ ಹಿಂದಿನ ತೋಳು ತಿರುಗುವ ಕೀಲು ಎತ್ತರದಲ್ಲಿರುವ ವಿನ್ಯಾಸ. ಕಮೆಂಸಾಲ್ ಸುಪ್ರೀಂ, 2021ರಲ್ಲಿ ಹೊಸದಾಗಿ ಬಂದ ಟ್ರೆಕ್ ಸೆಷನ್, ಎರಡೂ ಈ ದಾರಿಯವೇ. ಪಿವೋಟ್ ಎತ್ತರದಲ್ಲಿದ್ದರೆ ಹಿಂದಿನ ಗಾಲಿ ಏಟು ತಿಂದಾಗ ಮೇಲಕ್ಕಷ್ಟೇ ಅಲ್ಲ, ಹಿಂದಕ್ಕೂ ಸರಿಯುತ್ತದೆ. ಚೌಕಾಂಚಿನ ಕಲ್ಲುಗಳ ಮೇಲೆ ವೇಗ ಉಳಿಯುವುದು ಅದರಿಂದಲೇ. ಹಾಗೆ ಸರಿದಾಗ ಚೈನ್ ಪೆಡಲನ್ನು ಎಳೆಯದಿರಲಿ ಎಂದು ಪಿವೋಟ್ ಹತ್ತಿರ ಐಡ್ಲರ್ ಹಲ್ಲುಗಾಲಿ ಇಡುತ್ತಾರೆ. ಕಲ್ಲುಬಂಡೆಗಳ ಇಳಿಜಾರಿನಲ್ಲಿ ಇದಕ್ಕೆ ಸಾಟಿಯಿಲ್ಲ.

ಅದರ ಖರ್ಚನ್ನೂ ತಿಳಿದಿರಬೇಕು. ಸಸ್ಪೆನ್ಷನ್ ಕುಗ್ಗಿದಾಗ ಸೈಕಲ್ ಉದ್ದವಾಗುತ್ತದೆ, ಬಿಗಿ ತಿರುವಿನಲ್ಲಿ ಬೇಗ ತಿರುಗದು. ಚೈನ್ ನೇರ ಮೇಲಕ್ಕೆ ಹೋಗುವುದರಿಂದ ಮುಂದಿನ ರಿಂಗ್‌ನ ಕಡಿಮೆ ಹಲ್ಲುಗಳನ್ನು ಹಿಡಿಯುತ್ತದೆ. ಚೈನನ್ನು ಒತ್ತಿ ಹಿಡಿಯುವ ಕೆಳಗಿನ ರೋಲರ್ ಬಿಚ್ಚಿಟ್ಟು ಓಡಿಸಿದರೆ ಚೈನ್ ಹಾರುತ್ತದೆ. ಐಡ್ಲರ್ ನ್ಯಾರೋ-ವೈಡ್ ಹಲ್ಲಿನದಾಗಿದ್ದರೆ ಚೈನ್‌ನ ಅಗಲ ಕೊಂಡಿ ಅಗಲ ಹಲ್ಲಿಗೇ ಕೂರಬೇಕು, ತಪ್ಪಿದರೆ ಕರಕರ ಸದ್ದು. ಎಲ್ಲಕ್ಕಿಂತ ಬೇಗ ಸವೆಯುವುದು ಆ ಸಣ್ಣ ಗಾಲಿಯ ಹಲ್ಲು. ಮಲೆನಾಡಿನ ಮಳೆಗಾಲದ ಕೆಂಪು ಕೆಸರಿನಂಥ ಮಣ್ಣಲ್ಲಿ ಓಡಿಸುವವರು ಪ್ರತಿ ಸಲ ಚೈನ್ ತೊಳೆದು, ಒಣಗಿಸಿ, ಎಣ್ಣೆ ಹಾಕಲೇಬೇಕು. ಅದಕ್ಕೆ ಪುರುಸೊತ್ತಿಲ್ಲದವರಿಗೆ ಐಡ್ಲರ್ ಇಲ್ಲದ ಫ್ರೇಮೇ ಸರಿ. ಇದು ನಮ್ಮ ಗಟ್ಟಿ ಅಭಿಪ್ರಾಯ.

ಗೇರ್‌ನಲ್ಲಿ ಹೊಸತಿಗೆ ಬಾಯಿ ಬಿಡಬೇಕಾಗಿಲ್ಲ. ಸ್ರ್ಯಾಮ್‌ನ ಏಳು ಸ್ಪೀಡಿನ ಜಿಎಕ್ಸ್ ಡಿಎಚ್, 11ರಿಂದ 25 ಹಲ್ಲಿನ ಕ್ಯಾಸೆಟ್ ಜೊತೆ, ಇಳಿಯುವ ಕೆಲಸಕ್ಕೆ ಧಾರಾಳ ಸಾಕು. ಟಯರ್‌ನಲ್ಲಿ ಶ್ವಾಲ್ಬೆಯ ರೇಡಿಯಲ್ ಸರಣಿ ನಿಜಕ್ಕೂ ಒಳ್ಳೆಯದು. ಮೈ ಹೆಚ್ಚು ಬಳುಕುವುದರಿಂದ ನಿಮ್ಮ ಮಾಮೂಲಿಗಿಂತ ತುಸು ಜಾಸ್ತಿ ಗಾಳಿ ಹಾಕಿ ಶುರುಮಾಡಿ.

ಫ್ರೇಮಿಗೆ ಮುಂಗಡ ಕೊಡುವ ಮೊದಲು ಮಳಿಗೆಯಲ್ಲೇ ಪಿವೋಟ್ ಬೇರಿಂಗ್‌ಗಳ ನಂಬರ್ ಬರೆದುಕೊಳ್ಳಿ. 6902ರಂಥ ಮಾಮೂಲಿ ಅಳತೆಯಾದರೆ ಯಾವ ಊರಿನ ಬೇರಿಂಗ್ ಅಂಗಡಿಯಲ್ಲೂ ಕೇಳಬಹುದು. ಕಂಪನಿಯದೇ ವಿಶೇಷ ಅಳತೆಯಾದರೆ ಫ್ರೇಮಿನ ಜೊತೆಗೇ ಒಂದು ಸೆಟ್ ತರಿಸಿಕೊಳ್ಳಿ. ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಯುಡಿಎಚ್ ಎಂಬ ಸಾಮಾನ್ಯ ಮಾದರಿಯದಾಗಿದ್ದರೆ ಬದಲಿ ಸುಲಭ; ಅದರ ಬೋಲ್ಟ್ ಎಡಮರೆಯದು, ಬಿಚ್ಚುವಾಗ ಉಲ್ಟಾ ತಿರುಗಿಸಬೇಕು. ಹೋಸ್ ಹೆಡ್‌ಸೆಟ್ ಮೂಲಕ ಹೋಗುವ ಫ್ರೇಮ್ ಆದರೆ ಬೇಡ. ಹೆಡ್‌ಸೆಟ್‌ನ ಮೇಲಿನ ಬೇರಿಂಗ್ ಬದಲಿಸಲೂ ಬ್ರೇಕ್ ಬಿಚ್ಚಿ ಮತ್ತೆ ಬ್ಲೀಡ್ ಮಾಡಬೇಕಾಗುತ್ತದೆ.