ಮೇ ಕೊನೆಯ ಅಂಡಮಾನ್ ಪ್ಯಾಕೇಜ್: ಹಣ ಕಟ್ಟುವ ಮೊದಲು ಸಮುದ್ರದ ಹಂಗಾಮು ಕೇಳಿ

ಬೇಸಿಗೆ ರಜೆ ಮುಗಿಯುತ್ತ ಬಂದಂತೆ ವಿಜಯಪುರದಲ್ಲಿ ಅಂಡಮಾನ್ ಪ್ರವಾಸದ ರಿಯಾಯಿತಿ ಪ್ಯಾಕೇಜ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡತೊಡಗುತ್ತವೆ. ವಿಮಾನ, ಹೋಟೆಲ್, ಹಡಗು, ಊಟ ಎಲ್ಲ ಸೇರಿ ಏಪ್ರಿಲ್‌ನ ದರಕ್ಕಿಂತ ಬಹಳ ಅಗ್ಗ. ನಮ್ಮ ಕುಟುಂಬ ಅಂಥದೊಂದು ಪ್ಯಾಕೇಜಿನಲ್ಲಿ ಹೋಗಿ ಬಂದಿದೆ. ಸಮುದ್ರ ನೋಡಲು ಹೋದವರು ಬಹುಪಾಲು ಹೋಟೆಲ್ ಕಿಟಕಿಯಿಂದ ಮಳೆ ನೋಡಿ, ಇಳಿಯದ ಹೋಟೆಲಿಗೂ ಬಾಡಿಗೆ ತೆತ್ತು ಮರಳಿದ್ದೇವೆ. ಇನ್ನೊಂದು ಮನೆಯವರಿಗೆ ಹೀಗಾಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಮಳೆಯ ಬಗ್ಗೆ ನಮ್ಮ ತಂದೆ ಮೊದಲೇ ಕೇಳಿದ್ದರು. ಏಜೆಂಟ್ ಕೊಟ್ಟ ಉತ್ತರ ಹೀಗಿತ್ತು: "ಕಾಕಾ, ಮುಂಗಾರು ಶುರುವಾಗುವುದೇ ಜೂನ್‌ನಲ್ಲಿ. ಮೇ ತಿಂಗಳಲ್ಲಿ ಏನೂ ಭಯವಿಲ್ಲ." ನಮ್ಮ ಕಡೆ ಯಾರಿಗೆ ಹೇಳಿದರೂ ನಂಬುವ ಮಾತು ಇದು. ರೋಹಿಣಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಮೃಗಶಿರಾಕ್ಕೆ ಕಾಯುವುದು ನಮ್ಮ ರೂಢಿ. ಆದರೆ ನೈರುತ್ಯ ಮುಂಗಾರು ಭಾರತದಲ್ಲಿ ಮೊದಲು ಮುಟ್ಟುವುದೇ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳನ್ನು. ಕೇರಳಕ್ಕೆ ಅದು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಬರುತ್ತದೆ. ಆ ದ್ವೀಪಗಳ ದಕ್ಷಿಣ ಭಾಗಕ್ಕೆ ಮೇ ಮೂರನೇ ವಾರದ ಹೊತ್ತಿಗೇ ಬಂದಿರುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಅಲ್ಲಿ ಸುಮಾರು 3,000 ಮಿಲಿಮೀಟರ್. ಪ್ರವಾಸ ಮಾರಿ ಹೊಟ್ಟೆ ಹೊರೆಯುವವನಿಗೆ ಇಷ್ಟು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಆ ಹೊತ್ತಿಗೆ ದರ ಇಳಿಯಲು ಮಳೆಯೇ ಕಾರಣ.

ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ಇಳಿದಾಗಲೇ ಆಕಾಶ ಕಪ್ಪಾಗಿತ್ತು. ಅಲ್ಲಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗಲು ಫೆರ್ರಿ ಹಡಗೇ ದಾರಿ. ಗಾಳಿ ಜೋರಾಗಿ ಅಲೆ ಎದ್ದರೆ ಹಡಗು ಬಿಡುವುದಿಲ್ಲ, ಬಿಡಲೂ ಬಾರದು. ನಮ್ಮ ಫೆರ್ರಿ ರದ್ದಾಯಿತು. ಮರುದಿನವೂ ರದ್ದು. ಹಡಗಿನ ಕಂಪನಿಯವರು ಟಿಕೆಟ್ ಹಣ ವಾಪಸು ಕೊಡುವುದಾಗಿ ಹೇಳಿದರು. ಅವರ ಮೇಲೆ ನನಗೆ ದೂರಿಲ್ಲ. ಕಷ್ಟ ಶುರುವಾದದ್ದು ಆಮೇಲೆ. ಹ್ಯಾವ್‌ಲಾಕ್‌ನ ಹೋಟೆಲಿಗೆ ಹಣ ಸಂದಾಯವಾಗಿತ್ತು, ನಾವಿರುವ ಊರಿನಲ್ಲಿ ಆ ರಾತ್ರಿಗಳಿಗೆ ಕೋಣೆ ಇರಲಿಲ್ಲ. ವಯಸ್ಸಾದ ತಂದೆ ತಾಯಿ, ಚಿಕ್ಕ ಮಕ್ಕಳು, ತೊಯ್ದ ಸಾಮಾನು. ಕೈಯಿಂದ ಹಣ ಹಾಕಿ ಬೇರೆ ಕೋಣೆ ಹಿಡಿದೆವು. ಏಜೆಂಟ್‌ಗೆ ಫೋನ್ ಮಾಡಿದರೆ, ಹವಾಮಾನ ತನ್ನ ಕೈಯಲ್ಲಿಲ್ಲ ಎಂದ. ಹವಾಮಾನ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಯಾವ ತಿಂಗಳು ಮಾರಬೇಕು, ಗಿರಾಕಿಗೆ ಏನು ಹೇಳಬೇಕು ಎಂಬುದು ಅವನ ಕೈಯಲ್ಲೇ ಇತ್ತು.

ಸೆಲ್ಯುಲರ್ ಜೈಲನ್ನು ಕಾಣಬೇಕೆಂಬುದು ತಂದೆಯ ಬಹುಕಾಲದ ಆಸೆ. ಜೈಲನ್ನೇನೋ ನೋಡಿದರು, ಕೊಡೆ ಹಿಡಿದುಕೊಂಡು. ಸಂಜೆಯ ಧ್ವನಿ ಬೆಳಕಿನ ಪ್ರದರ್ಶನ ನಡೆಯುವುದು ಬಯಲಿನಲ್ಲಿ. ಮಳೆಗೆ ಅದೂ ನಿಂತಿತು. ಅವರ ಮುಖ ಸಪ್ಪಗಾದದ್ದನ್ನು ನೋಡಿ ನನಗಾದ ಸಂಕಟ ಹಣ ಹೋದದ್ದಕ್ಕೆ ಆಗಲಿಲ್ಲ.

ಕೊನೆಗೊಮ್ಮೆ ಹಡಗು ಹೊರಟಿತು. ದಾರಿಯುದ್ದಕ್ಕೂ ತಾಯಿಗೆ ವಾಂತಿ. ಹ್ಯಾವ್‌ಲಾಕ್‌ನ ಹೆಸರಾಂತ ರಾಧಾನಗರ ಕಡಲತೀರ ದ್ವೀಪದ ಪಶ್ಚಿಮಕ್ಕಿದೆ. ಮುಂಗಾರಿನ ಗಾಳಿ ಬೀಸುವುದೂ ನೈರುತ್ಯದಿಂದಲೇ, ಹಾಗಾಗಿ ಅಲೆಗಳ ಪೂರ್ತಿ ಹೊಡೆತ ಆ ದಂಡೆಗೆ ಬೀಳುತ್ತದೆ. ನೀರಿಗೆ ಇಳಿಯಬಾರದೆಂದು ಕಾವಲಿನವರು ತಡೆದರು. ತಡೆದದ್ದು ಒಳ್ಳೆಯದೇ ಆಯಿತು. ಹವಳ ತೋರಿಸುವ ಎಲಿಫೆಂಟ್ ಬೀಚ್‌ಗೆ ದೋಣಿ ಇರಲಿಲ್ಲ. ಇದ್ದಿದ್ದರೂ ಏನು ಕಾಣುತ್ತಿತ್ತು? ಮಳೆಯ ಕೆಸರು ಹರಿದು ಸೇರಿ, ಅಲೆ ತಳದ ಮರಳನ್ನು ಕದಡಿ, ನೀರು ಮಬ್ಬಾಗಿರುತ್ತದೆ. ಸ್ಕೂಬಾ, ಗಾಜಿನ ತಳದ ದೋಣಿ ಇವೆಲ್ಲ ಪ್ಯಾಕೇಜಿನ ಚಿತ್ರದಲ್ಲಿ ಮಾತ್ರ ಉಳಿದವು. ಅಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮಳೆ ಹಿಡಿದರೆ ಆ ದಿನ ಮುಗಿದಂತೆಯೇ.

ಹಾಗಾದರೆ ಯಾವಾಗ ಹೋಗಬೇಕು? ಅಂಡಮಾನ್‌ಗೆ ಜನವರಿಯಿಂದ ಏಪ್ರಿಲ್ ಮಧ್ಯದವರೆಗಿನ ಕಾಲವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಳಿ ಕಡಿಮೆ, ನೀರು ತಿಳಿ. ಮಕ್ಕಳ ಶಾಲೆ ಅಡ್ಡಬಂದರೆ ಪರೀಕ್ಷೆ ಮುಗಿದ ಕೂಡಲೇ ಹೊರಡಿ, ಮೇ ಕೊನೆಗೆ ದೂಡಬೇಡಿ. ದಸರಾ ರಜೆಯ ಪ್ಯಾಕೇಜ್ ಕೂಡ ನೆಚ್ಚತಕ್ಕದ್ದಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. 2016ರ ಡಿಸೆಂಬರ್ ಮೊದಲ ವಾರ ಹ್ಯಾವ್‌ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಲುಕಿಕೊಂಡು, ಅವರನ್ನು ಕರೆತರಲು ನೌಕಾಪಡೆಯ ಹಡಗುಗಳು ಹೋಗಬೇಕಾಯಿತು. ಮುಂದೆ ವಾರ್ದಾ ಎಂದು ಹೆಸರಾಗಿ ಚೆನ್ನೈಗೆ ಅಪ್ಪಳಿಸಿದ್ದು ಅದೇ ಮಾರುತ.

ಬೇರೆ ದ್ವೀಪಗಳ ಲೆಕ್ಕ ಬೇರೆ. ಅಂಡಮಾನ್ ಮಳೆಯಲ್ಲಿ ನೆನೆಯುವ ಜೂನ್, ಜುಲೈಯಲ್ಲಿ ಬಾಲಿಯಲ್ಲಿ ಒಣ ಹವೆ; ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಬೀಳುತ್ತದೆ. ಮಾಲ್ಡೀವ್ಸ್‌ಗೆ ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯದು. ಥಾಯ್ಲೆಂಡ್ ಒಂದರಲ್ಲೇ ಎರಡು ಲೆಕ್ಕಗಳಿವೆ: ಪಶ್ಚಿಮದ ಫುಕೆಟ್‌ಗೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಪೂರ್ವದ ಸಮುಯಿ ದ್ವೀಪದಲ್ಲಿ ಭಾರೀ ಮಳೆ ಬೀಳುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಇಷ್ಟು ದೂರವೇಕೆ, ನಮ್ಮದೇ ಮುರ್ಡೇಶ್ವರದ ಬಳಿಯ ನೇತ್ರಾಣಿಗೂ ಮಳೆಗಾಲದಲ್ಲಿ ಸ್ಕೂಬಾ ದೋಣಿ ಹೋಗುವುದಿಲ್ಲ. ನಮ್ಮ ಊರಿನ ಮೋಡ ನೋಡಿ ದ್ವೀಪದ ಹವೆ ಹೇಳುವವರ ಮಾತಿಗೆ ದುಡ್ಡು ಕಟ್ಟಬೇಡಿ.

ಹೊರಡುವ ವಾರದಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನೂ ನೋಡಿ. ಮಳೆ ಇಲ್ಲದಿದ್ದರೂ ಅಲೆ ದೊಡ್ಡದಿದ್ದರೆ ಫೆರ್ರಿ ನಿಲ್ಲಬಹುದು. ಮರಳುವ ವಿಮಾನದ ಹಿಂದಿನ ದಿನವಾದರೂ ವಿಮಾನ ನಿಲ್ದಾಣವಿರುವ ದ್ವೀಪದಲ್ಲೇ ಇರುವಂತೆ ಏರ್ಪಾಟು ಮಾಡಿಸಿ.

ಫೆರ್ರಿ ರದ್ದಾದರೆ ಆ ರಾತ್ರಿಯ ಕೋಣೆಯ ಖರ್ಚು ಯಾರದು, ತಲುಪಲಾಗದ ಹೋಟೆಲಿನ ಹಣದಲ್ಲಿ ಎಷ್ಟು ವಾಪಸು, ಎಷ್ಟು ದಿನದೊಳಗೆ? ಈ ಮೂರಕ್ಕೂ ಉತ್ತರವನ್ನು ಕಾಗದದಲ್ಲಿ ಬರೆಸಿಕೊಂಡೇ ಮುಂಗಡ ಕೊಡಿ. ಬರೆದುಕೊಡಲು ಹಿಂದೆಗೆಯುವ ಏಜೆಂಟ್‌ನ ಅಂಗಡಿಯಿಂದ ಎದ್ದು ಬನ್ನಿ. "ಮೇ ತಿಂಗಳಲ್ಲಿ ಭಯವಿಲ್ಲ" ಎಂಬಂಥ ಭರವಸೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಯಲು ಹೇಳಿ. ನಮ್ಮ ಏಜೆಂಟ್ ಹಾಗೆ ಬರೆದಿದ್ದ ಸಂದೇಶ ಈಗ ನಮ್ಮ ದೂರಿಗೆ ಆಧಾರವಾಗಿದೆ.

ಈಗಾಗಲೇ ಹೀಗೆ ಹಣ ಕಳೆದುಕೊಂಡವರು ರಸೀದಿ, ರದ್ದಾದ ಟಿಕೆಟ್, ಹೆಚ್ಚಿನ ಕೋಣೆಯ ಬಿಲ್ ಯಾವುದನ್ನೂ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾದರೆ, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ ನೀವು ವಾಸಿಸುವ ಊರಿನಲ್ಲೇ ಸಲ್ಲಿಸಬಹುದು, ಏಜೆಂಟ್ ಬೆಂಗಳೂರಿನವನಾದರೂ ಸರಿ. ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ.