60 ಎಕ್ಸ್ ಝೂಮ್ ಕ್ಯಾಮೆರಾ ಮತ್ತು ವಾರಾಂತ್ಯದ ಚಂದ್ರ: ಮೂರು ವರ್ಷ ಬಳಸಿದ ಮೇಲೆ

ಈ ಕ್ಯಾಮೆರಾ ತಗೊಂಡಿದ್ದೇ ಚಂದ್ರನಿಗಾಗಿ. ಲೆನ್ಸ್ ಬದಲಿಸೋಕೆ ಆಗದ ಬ್ರಿಡ್ಜ್ ಕ್ಯಾಮೆರಾ. 60 ಎಕ್ಸ್ ಝೂಮ್, ಅಂದರೆ ಫುಲ್ ಫ್ರೇಮ್ (ಹಳೇ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಲೆಕ್ಕದಲ್ಲಿ 24ರಿಂದ 1440 ಮಿ.ಮೀ. ಕಂಪನಿ ಹೆಸರು ಬೇಡ ಬಿಡಿ, ಮುಂದೆ ಸ್ವಲ್ಪ ಬೈಯೋದಿದೆ. ವಾರದ ದಿನ ಬೆಳಗಿನ ಜಾವ ಏಳೋದು ನನ್ನಿಂದ ಆಗದ ಮಾತು. ಹಾಗಾಗಿ ಮೂರು ವರ್ಷದ ಫೋಟೋಗಳೆಲ್ಲ ಶನಿವಾರ, ಭಾನುವಾರದ್ದೇ. ಎಲ್ಲವೂ ಮನೆ ತಾರಸಿಯಿಂದ ತೆಗೆದವು.

ಎಲ್ಲರೂ ಮೊದಲು ಕೇಳೋದು ಝೂಮ್ ಎಷ್ಟು ಅಂತ. ಪೂರ್ತಿ ಎಳೆದರೆ ಚಂದ್ರ ಫ್ರೇಮಿನ ಎತ್ತರದಲ್ಲಿ ಸುಮಾರು ಅರ್ಧ ತುಂಬುತ್ತಾನೆ. ಅಷ್ಟು ಸಾಕು. ಅದರ ಮೇಲಿನ ಡಿಜಿಟಲ್ ಝೂಮ್ ಬರೀ ಹಿಗ್ಗಿಸೋ ಕೆಲಸ, ಮೊದಲ ವಾರವೇ ಆಫ್ ಮಾಡಿದೆ. ಇದರ ಲೆನ್ಸಿನ ಬಾಯಿ ಸುಮಾರು 4 ಸೆಂ.ಮೀ. ಅಷ್ಟು ಬಾಯಿಗೆ ಚಂದ್ರನ ಮೇಲೆ 5-6 ಕಿ.ಮೀ.ಗಿಂತ ಚಿಕ್ಕದು ಬಿಡಿಸಿ ಕಾಣೋದಿಲ್ಲ, ನೀವು ಎಷ್ಟೇ ಹಿಗ್ಗಿಸಿ.

ನನಗೆ ಕಾಟ ಕೊಟ್ಟಿದ್ದು ಟ್ರೈಪಾಡ್. ಕ್ಯಾಮೆರಾ ಜೊತೆ ಬಂದಿದ್ದು ಹಗುರಾದ, ಕಡ್ಡಿಯಂಥ ಕಾಲಿನದು. ಚಂದ್ರನನ್ನ ಸರಿಯಾಗಿ ನಡುವೆ ತಂದು ತಿರುಪು ಬಿಗಿ ಮಾಡ್ತೀನಿ, ಕೈ ಬಿಟ್ಟ ತಕ್ಷಣ ಕ್ಯಾಮೆರಾ ಮೂತಿ ಒಂದು ಕೂದಲಷ್ಟು ಕೆಳಗೆ ಬಾಗುತ್ತೆ. ಅಷ್ಟಕ್ಕೇ ಸ್ಕ್ರೀನಿನಲ್ಲಿ ಚಂದ್ರ ಮೇಲಕ್ಕೆ ಹಾರಿ ಮಾಯ. ಒಂದು ತಿಂಗಳು ಹೀಗೇ ಒದ್ದಾಡಿದೆ. ಆಮೇಲೆ ಉಪಾಯ ಹೊಳೆಯಿತು. ಚಂದ್ರನನ್ನ ಬೇಕಂತಲೇ ಫ್ರೇಮಿನ ಕೆಳಗಿಟ್ಟು ತಿರುಪು ಬಿಗಿ ಮಾಡೋದು. ಕೈ ಬಿಟ್ಟಾಗ ತಾನೇ ನಡುವೆ ಬಂದು ಕೂರ್ತಾನೆ. ಈಗ ಗಟ್ಟಿ ಟ್ರೈಪಾಡ್ ಇದೆ, ನಡುವಿನ ಕೊಕ್ಕೆಗೆ ಭಾರದ ಬ್ಯಾಗ್ ನೇತು ಹಾಕ್ತೀನಿ. ಆದರೂ ಬೆರಳಿಂದ ಶಟರ್ ಒತ್ತಲ್ಲ, 2 ಸೆಕೆಂಡ್ ಟೈಮರ್. ಟ್ರೈಪಾಡ್ ಮೇಲಿದ್ದಾಗ ಇಮೇಜ್ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸೋ ಸೌಲಭ್ಯ) ಆಫ್.

ಭೂಮಿ ತಿರುಗೋದು ಪಾಠದಲ್ಲಿ ಓದಿದ್ದೇ ಬೇರೆ, ಈ ಸ್ಕ್ರೀನಿನಲ್ಲಿ ನೋಡೋದೇ ಬೇರೆ. ಚಂದ್ರ ತನ್ನ ಅಗಲದಷ್ಟು ಜಾಗ ಸರಿಯೋಕೆ ಬರೀ 2 ನಿಮಿಷ. ಒಮ್ಮೆ ಮಗಳು ಎದ್ದು ಬಂದವಳು ನೋಡ್ತಾ ನಿಂತು, "ಅಪ್ಪಾ, ಚಂದ್ರ ಆಚೆ ಹೋಗ್ತಿದಾನೆ, ಹಿಡ್ಕೋ" ಅಂದಳು. ಅಷ್ಟರಲ್ಲಿ ಅರ್ಧ ಹೋಗಿಯೇ ಬಿಟ್ಟಿದ್ದ. ಕಳೆದುಕೊಂಡಾಗ ಪೂರ್ತಿ ಝೂಮಿನಲ್ಲೇ ಹುಡುಕಬೇಡಿ. ಹಿಂದಕ್ಕೆ ಬಂದು, ಸಿಕ್ಕ ಮೇಲೆ ಮತ್ತೆ ಎಳೆಯಿರಿ.

ಹುಣ್ಣಿಮೆಗೆ ಕಾಯೋರೇ ಜಾಸ್ತಿ. ನಾನೂ ಹಾಗೇ ಶುರು ಮಾಡಿದ್ದು, ಫೋಟೋ ನೋಡಿದರೆ ಸುಣ್ಣ ಬಳಿದ ತಟ್ಟೆ! ಬೆಳಕು ನೇರವಾಗಿ ಬಿದ್ದಾಗ ನೆರಳೇ ಇರಲ್ಲ, ಹಳ್ಳ ದಿಣ್ಣೆ ಹೇಗೆ ಕಾಣಬೇಕು? ಹುಣ್ಣಿಮೆ ಕಳೆದು ಒಂದು ವಾರಕ್ಕೆ ಚಂದ್ರ ನಡುರಾತ್ರಿ ಹುಟ್ಟಿ, ಬೆಳಗಾಗೋ ಹೊತ್ತಿಗೆ ಎತ್ತರದಲ್ಲಿ ಅರ್ಧ ಆಗಿ ನಿಂತಿರುತ್ತಾನೆ. ಬೆಳಕು ಕತ್ತಲೆ ಸೇರೋ ಗೆರೆಯಲ್ಲಿ ಉದ್ದುದ್ದ ನೆರಳು. ಟೈಕೋ ಕುಳಿ (85 ಕಿ.ಮೀ.), ಅದರಾಚೆ ದೊಡ್ಡ ಕ್ಲೇವಿಯಸ್, ಮೇಲೆ ಕಪ್ಪು ನೆಲದ ಪ್ಲೇಟೋ, ಅಪೆನೈನ್ ಬೆಟ್ಟಸಾಲು, ಎಲ್ಲ ಒಂದೇ ಫ್ರೇಮಿನಲ್ಲಿ. ಸಂಜೆ ಚಂದ್ರನನ್ನೇ ನೋಡಿದವರಿಗೆ ಇದು ಇನ್ನೊಂದೇ ಅರ್ಧ, ನೆರಳೂ ಉಲ್ಟಾ. ಇಂಥ ಚಂದ್ರ ನಾಲ್ಕು ವಾರಾಂತ್ಯದಲ್ಲಿ ಒಂದಕ್ಕೆ ಸಿಕ್ಕರೆ ಪುಣ್ಯ, ಅದರಲ್ಲಿ ಮೋಡದ ಪಾಲು ಬೇರೆ. ಅಷ್ಟು ಎತ್ತರಕ್ಕೆ ಕ್ಯಾಮೆರಾ ತಿರುಗಿಸಿದಾಗ ಹೊರಕ್ಕೆ ಮಡಚಿಕೊಳ್ಳೋ ಸ್ಕ್ರೀನ್ ಇರದಿದ್ದರೆ ನನ್ನ ಕತ್ತು ಉಳೀತಿರಲಿಲ್ಲ.

ಜಾವದಲ್ಲಿ ಇನ್ನೊಂದು ಲಾಭ. ಸಂಜೆ ತಾರಸಿಯ ಕಾಂಕ್ರೀಟು ಹಗಲಿನ ಬಿಸಿ ಬಿಡ್ತಿರುತ್ತೆ, ಚಂದ್ರನ ಅಂಚು ನೀರೊಳಗಿದ್ದ ಹಾಗೆ ನಡುಗುತ್ತೆ. ಜಾವಕ್ಕೆ ಎಲ್ಲ ತಣ್ಣಗಾಗಿರುತ್ತೆ. ಕಿಟಕಿ ಗಾಜಿನ ಒಳಗಿಂದ ತೆಗೆದು ನೋಡಿದೆ, ಸುಮ್ನೆ ಟೈಮ್ ವೇಸ್ಟ್.

ಆಟೋ ಮೋಡ್ ನಂಬಬೇಡಿ. ಸುತ್ತಲ ಕತ್ತಲೆ ನೋಡಿ ಕ್ಯಾಮೆರಾ ಬೆಳಕು ಹೆಚ್ಚಿಸಿ ಚಂದ್ರನನ್ನ ಬಲ್ಬ್ ಮಾಡುತ್ತೆ. ನನ್ನದು ಮ್ಯಾನ್ಯುಯಲ್: ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸೋ ಮಟ್ಟ) 100, ಲೆನ್ಸ್ ತೆರೆಯೋ ಅಳತೆ ಎಫ್/6.5, ಅರ್ಧ ಚಂದ್ರನಿಗೆ ಶಟರ್ 1/80ರ ಆಸುಪಾಸು, ಹುಣ್ಣಿಮೆಗೆ 1/250. ಐಎಸ್‌ಒ 400 ದಾಟಿದರೆ ಈ ಪುಟ್ಟ ಸೆನ್ಸರ್ ಮರಳು ಸುರೀತದೆ. ಆಟೋಫೋಕಸ್ ಕತ್ತಲೆಯಲ್ಲಿ ಚೆನ್ನಾಗೇ ಹಿಡಿಯುತ್ತೆ, ಆ ನೆರಳಿನ ಗೆರೆಗೆ ಇಟ್ಟರೆ ಇನ್ನೂ ಚೆನ್ನ. ಆಕಾಶ ನೀಲಿ ಆಗೋಕೆ ಶುರುವಾದ ಮೇಲೆ ಮಾತ್ರ ಹಿಂದೆ ಮುಂದೆ ತಡಕಾಡುತ್ತೆ.

ಬ್ಯಾಟರಿ ಮೊದಲ ವರ್ಷದಷ್ಟು ಬರ್ತಿಲ್ಲ, ಇನ್ನೊಂದು ಇಟ್ಟುಕೊಂಡಿದ್ದೀನಿ. ಚಂದ್ರ ಬಿಟ್ಟು ಬೇರೆಯದಕ್ಕೆ, ಮನೆಯೊಳಗಿನ ಫೋಟೋಗೆಲ್ಲ, ಫೋನೇ ವಾಸಿ.

ಎರಡನೇ ವರ್ಷ ಝೂಮ್ ಮೋಟರ್ ಕರಕರ ಅನ್ನೋಕೆ ಶುರುವಾಯಿತು. ಸರ್ವಿಸಿಗೆ ಕೊಟ್ಟೆ. ಮೂರು ವಾರ ಇಟ್ಟುಕೊಂಡು ಸದ್ದು ನಿಲ್ಲಿಸಿ ಕೊಟ್ಟರು. ಮುಂದಿನ ಭಾನುವಾರ ತೆಗೆದ ಫೋಟೋದಲ್ಲಿ ಟೈಕೋ ಪಕ್ಕದ ಬಿಳಿ ನೆಲದ ಮೇಲೆ ಮಸುಕಾದ ಒಂದು ಕಪ್ಪು ಚುಕ್ಕೆ. ಅರೆ, ಇದನ್ನ ಇಷ್ಟು ದಿನ ನೋಡೇ ಇಲ್ವಲ್ಲ ಅಂತ ಖುಷಿಯಾಗಿ ಚಂದ್ರನ ನಕ್ಷೆ ತೆಗೆದು ಅರ್ಧ ಗಂಟೆ ಹೆಸರು ಹುಡುಕಿದೆ. ಸಿಗಲಿಲ್ಲ. ಆಮೇಲೆ ಕೆಲವೇ ಸೆಕೆಂಡ್ ಬಿಟ್ಟು ತೆಗೆದ ಇನ್ನೊಂದು ಫೋಟೋ ಪಕ್ಕದಲ್ಲಿಟ್ಟು ನೋಡಿದರೆ, ಚಂದ್ರ ಸ್ವಲ್ಪ ಸರಿದಿದ್ದಾನೆ, ಚುಕ್ಕೆ ಫ್ರೇಮಿನಲ್ಲಿ ಇದ್ದಲ್ಲೇ ಇದೆ. ಒಳಗೆ ಕೂತ ಧೂಳು! ಮತ್ತೆ ಮೂರು ವಾರ ಕೊಟ್ಟು ಕೂರೋ ತಾಳ್ಮೆ ನನಗಿಲ್ಲ. ಈಗ ಚಂದ್ರನನ್ನ ಫ್ರೇಮಿನ ಎಡಕ್ಕಿಟ್ಟು ತೆಗೀತೀನಿ. ಚುಕ್ಕೆ ಕಪ್ಪು ಆಕಾಶದಲ್ಲಿ ಬೀಳುತ್ತೆ, ಕಾಣೋದೇ ಇಲ್ಲ.