ಫೈಲ್‌ನಿಂದ ಸ್ಲೈಡ್ ಮಾಡಿಸುವವರು ಮೊದಲು ಒಂದೇ ಒಂದು ಫ್ರೇಮ್ ಮಾಡಿಸಿ ನೋಡಿ

ಕೊಡಾಕ್ ಕಂಪನಿಯ ಹಳೆಯ ಬಣ್ಣದ ಫಿಲ್ಮ್ ಕೊಡಾಕ್ರೋಮ್‌ನ ಸ್ಲೈಡನ್ನು (ಪ್ರೊಜೆಕ್ಟರ್‌ನಲ್ಲಿ ಹಾಕಿ ತೋರಿಸುವ ಪಾರದರ್ಶಕ ಚಿತ್ರ) ಕತ್ತಲಲ್ಲಿಟ್ಟರೆ ಬಣ್ಣ ದಶಕಗಟ್ಟಲೆ ಉಳಿಯುತ್ತದೆ. ಪ್ರೊಜೆಕ್ಟರ್ ದೀಪಕ್ಕೆ ಪದೇ ಪದೇ ಒಡ್ಡಿದರೆ ಮಾತ್ರ ಬೇಗ ಮಂಕಾಗುತ್ತದೆ. ಹಾಗಾಗಿ ಮೂಲವನ್ನು ಎತ್ತಿಟ್ಟು, ಸ್ಕ್ಯಾನ್ ಮಾಡಿಸಿ, ಆ ಫೈಲ್‌ಗಳಿಂದ ತೋರಿಸಲು ಬೇರೆ ಸ್ಲೈಡ್ ಮಾಡಿಸುವವರಿದ್ದಾರೆ. ಯೋಚನೆ ಸರಿಯೇ. ಆದರೆ ಈಚೆಗೆ ಹಾಗೆ ಮಾಡಿಸಿದ 40 ಸ್ಲೈಡ್‌ಗಳಲ್ಲಿ ಪರದೆಗೆ ಹಾಕುವಂತಿದ್ದವು ಆರೇ ಆರು. ದುಡ್ಡು ವಾಪಸ್ ಬರಲಿಲ್ಲ.

ಸ್ಕ್ಯಾನಿಂಗ್‌ನಲ್ಲೇ ಅರ್ಧ ಕೆಟ್ಟಿತ್ತು. ಇ-6 ಎಂಬ ಬೇರೆ ವಿಧಾನದಲ್ಲಿ ತೊಳೆಯುವ ಸ್ಲೈಡ್ ಫಿಲ್ಮ್‌ಗೆ ಹೊಂದಿಸಿದ ಬಣ್ಣದ ಪ್ರೊಫೈಲ್‌ನಲ್ಲೇ ಕೊಡಾಕ್ರೋಮ್ ಸ್ಕ್ಯಾನ್ ಮಾಡಿದ್ದರಿಂದ ಎಲ್ಲದಕ್ಕೂ ನೀಲಿ ಛಾಯೆ. ಸ್ಕ್ಯಾನರ್‌ನಲ್ಲಿ ಧೂಳು ತೆಗೆಯುವ 'ಐಸ್' ಎಂಬ ಸೌಲಭ್ಯ ಕೂಡ ಆನ್ ಆಗಿತ್ತು. ಅದು ಇನ್ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕುತ್ತದೆ. ಕೊಡಾಕ್ರೋಮ್‌ನ ಸಯಾನ್ ವರ್ಣದ್ರವ್ಯ ಆ ಬೆಳಕನ್ನೂ ಒಂದಿಷ್ಟು ತಡೆಯುವುದರಿಂದ, ಕಪ್ಪು ಕೂದಲಿನ ಅಂಚನ್ನೇ ಧೂಳೆಂದುಕೊಂಡು ಒರೆಸಿಹಾಕಿದೆ.

ಇನ್ನು ಗಾತ್ರ. ಲ್ಯಾಬ್ ಬಳಸಿದ ಫೈಲ್‌ನ ಅಗಲ ಬರೀ 1024 ಪಿಕ್ಸೆಲ್. 36 ಮಿ.ಮೀ. ಚಿತ್ರ 1.8 ಮೀಟರ್ ಪರದೆ ತುಂಬುವಾಗ 50 ಪಟ್ಟು ಹಿಗ್ಗುತ್ತದೆ, ಅಂದರೆ ಒಂದೊಂದು ಪಿಕ್ಸೆಲ್ಲೂ ಸುಮಾರು 1.75 ಮಿ.ಮೀ. ಮುಂದಿನ ಸಾಲಿನವರಿಗೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 4096 × 2731 ಪಿಕ್ಸೆಲ್ ಇದ್ದರೆ ಅದು ಅರ್ಧ ಮಿ.ಮೀ.ಗಿಂತ ಕಡಿಮೆ. 4000 ಡಿಪಿಐನಲ್ಲಿ (ಇಂಚಿಗೆ 4000 ಚುಕ್ಕೆ) ಸ್ಕ್ಯಾನ್ ಮಾಡಿದರೆ ಅಗಲಕ್ಕೆ 5,600 ಪಿಕ್ಸೆಲ್‌ನ ಆಸುಪಾಸು ಸಿಗುತ್ತದೆ. ಅದನ್ನು ಕುಗ್ಗಿಸಿ ಕೊಡಿ, ಚಿಕ್ಕದನ್ನು ಎಂದೂ ಹಿಗ್ಗಿಸಬೇಡಿ.

ಯಾವ ಯಂತ್ರದಲ್ಲಿ ಮಾಡುತ್ತೀರಿ ಎಂದು ಲ್ಯಾಬನ್ನು ನೇರವಾಗಿ ಕೇಳಿ. ಫೈಲನ್ನು ಪಿಕ್ಚರ್ ಟ್ಯೂಬಿನ ಬೆಳಕಿನಿಂದ ಫಿಲ್ಮ್ ಮೇಲೆ ಮೂಡಿಸುವ ಸಿಆರ್‌ಟಿ ಫಿಲ್ಮ್ ರೆಕಾರ್ಡರ್ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಒಂದೇ ಫ್ರೇಮಿಗೆ ಮೂರು ಸಲ ಬೆಳಕು ಕೊಡುತ್ತದೆ. ಕೆಲವರು ಮಾನಿಟರ್ ಮೇಲಿನ ಚಿತ್ರವನ್ನೇ ಕ್ಯಾಮೆರಾದಲ್ಲಿ ತೆಗೆದುಕೊಡುತ್ತಾರೆ. ಹಾಗೆ ತೆಗೆದದ್ದನ್ನು 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ (ಭೂತಗನ್ನಡಿ) ಇಟ್ಟು ನೋಡಿದರೆ ಚೌಕುಳಿ ಜಾಲರಿ ಅಥವಾ ಅಲೆಯಂಥ ಪಟ್ಟೆ ಸಿಕ್ಕಿಬೀಳುತ್ತದೆ. ಒಳ್ಳೆಯ ರೆಕಾರ್ಡರ್‌ನಲ್ಲೂ ಟ್ಯೂಬಿನ ಬೆಳಕು ಪಕ್ಕಕ್ಕೆ ಹರಡುವುದರಿಂದ ಬಿಳಿಗೆ ತಾಗಿದ ಕಪ್ಪು ಸ್ವಲ್ಪ ಬೂದು ಬಣ್ಣಕ್ಕೆ ತಿರುಗುತ್ತದೆ. ಅಷ್ಟನ್ನು ಒಪ್ಪಿಕೊಳ್ಳಲೇಬೇಕು.

ಬಣ್ಣವೂ ಮೂಲದ್ದೇ ಆಗಿ ಬರುವುದಿಲ್ಲ. ಕೊಡಾಕ್ರೋಮ್ ತಯಾರಿಕೆ 2009ರಲ್ಲೇ ನಿಂತಿತು. ನಕಲು ಬರುವುದು ಎಕ್ಟಾಕ್ರೋಮ್‌ನಂಥ ಇ-6 ಫಿಲ್ಮ್ ಮೇಲೆ, ಅದರ ವರ್ಣದ್ರವ್ಯಗಳೇ ಬೇರೆ. ಕೊಡಾಕ್ರೋಮ್‌ನ ಆ ಕೆಂಪು ಹತ್ತಿರ ಬಂದೀತು, ಅದೇ ಆಗದು.

ಮೊದಲ ಫ್ರೇಮಿಗೆ ಗಾಢ ನೆರಳು, ಮುಖ, ಬಿಳಿ ಬಟ್ಟೆ ಮೂರೂ ಇರುವ ಚಿತ್ರ ಆರಿಸಿ. 5000 ಕೆಲ್ವಿನ್ ಲೈಟ್ ಟೇಬಲ್ ಮೇಲೆ ಮೂಲದ ಪಕ್ಕದಲ್ಲಿಟ್ಟು ಹೋಲಿಸಿ, ಆಮೇಲೆ ಪರದೆಗೂ ಹಾಕಿ. ಸ್ಲೈಡಿನ ಚೌಕಟ್ಟಾದ ಮೌಂಟ್ ಸುತ್ತಲೂ ಅರ್ಧದಿಂದ ಒಂದು ಮಿ.ಮೀ. ಮುಚ್ಚುತ್ತದೆ, ಅಂಚಿನಲ್ಲಿ ಅಕ್ಷರವಿದ್ದರೆ ಒಳಕ್ಕೆ ಸರಿಸಿ. ನಕಲು ಎಷ್ಟೇ ಚೆನ್ನಾಗಿ ಬಂದರೂ ಮೂಲವನ್ನು ಲ್ಯಾಬ್‌ನಲ್ಲಿ ಬಿಡಬೇಡಿ. ಮೌಂಟ್ ಮೇಲೆ ಸಂಖ್ಯೆ ಬರೆದು ಕೊಡಿ, ಎಣಿಸಿ ವಾಪಸ್ ತನ್ನಿ.